ಫ್ರೆಂಚ್‌ಗೂ ಇಂಗ್ಲಿಷ್‌ಗೂ ಒಗ್ಗುವ ಹೆಣ್ಣುಮಗುವಿನ ಹೆಸರು

ಕೆನಡಾದ ಕ್ವಿಬೆಕ್ ಪ್ರಾಂತ್ಯದ ಅಧಿಕೃತ ಭಾಷೆ ಫ್ರೆಂಚ್. ಆದರೆ ಅಲ್ಲಿನ ಮಾಂಟ್ರಿಯಲ್ ನಗರದಲ್ಲಿ ಅಪ್ಪನದು ಫ್ರೆಂಚ್, ಅಮ್ಮನದು ಇಂಗ್ಲಿಷ್ ಎಂಬ ಮನೆಗಳು ಬೇಕಾದಷ್ಟಿವೆ. ಇಂಥ ಮನೆಯಲ್ಲಿ ಹೆಣ್ಣುಮಗು ಹುಟ್ಟಿದರೆ ಎರಡೂ ಕಡೆಯ ಅಜ್ಜಿಯರ ಬಾಯಿಗೆ ಒಗ್ಗುವ ಹೆಸರು ಬೇಕು. ಹುಡುಕಲು ಹೆಚ್ಚು ಸಮಯವೂ ಇಲ್ಲ, 30 ದಿನದೊಳಗೆ ಜನನ ನೋಂದಾಯಿಸಬೇಕು.

ಮೊದಲ ತೊಡಕು 'ಹ'ಕಾರ. ಫ್ರೆಂಚರು ಅದನ್ನು ಉಚ್ಚರಿಸುವುದಿಲ್ಲ. ಹಾಗಾಗಿ ಹ್ಯಾನಾ ಮತ್ತು ಆನಾ ಎರಡೂ ಅವರ ಬಾಯಲ್ಲಿ ಒಂದೇ ಆಗುತ್ತವೆ. ಹೆದರ್ ಎಂಬ ಹೆಸರಂತೂ ಎರಡು ಕಡೆ ಮುರಿಯುತ್ತದೆ. ಎಮ್ಮಾ, ಕ್ಲೇರ್, ಸೋಫಿ, ಆಲಿಸ್ ಎರಡೂ ಕಡೆ ಸಲೀಸು. ಒತ್ತು ಬೀಳುವ ಜಾಗ ಬದಲಾದರೂ ಕರೆದರೆ ಮಗು ತಿರುಗಿ ನೋಡುತ್ತದೆ.

ಗಂಡು ಹೆಣ್ಣಿನ ಗೊಂದಲ ಇದಕ್ಕಿಂತ ದೊಡ್ಡದು. ಇಂಗ್ಲಿಷ್‌ನಲ್ಲಿ ಜೀನ್ ಎಂದರೆ ಹೆಂಗಸು. ಅದೇ ಅಕ್ಷರಗಳನ್ನು ಫ್ರೆಂಚರು 'ಝಾಂ' ಎಂದು ಓದುತ್ತಾರೆ, ಅದು ಗಂಡಸಿನ ಹೆಸರು. ಲಾರೆನ್ಸ್ ಇದಕ್ಕೆ ತಿರುಗಾಮುರುಗಾ. ಕ್ವಿಬೆಕ್‌ನಲ್ಲಿ ಆ ಹೆಸರಿನ ಹುಡುಗಿಗೆ ಇಂಗ್ಲಿಷ್ ಕಚೇರಿಯಿಂದ 'ಮಿಸ್ಟರ್' ಎಂದು ಪತ್ರ ಬಂದರೆ ಆಶ್ಚರ್ಯವಿಲ್ಲ. ಅರ್ಥವನ್ನೂ ನೋಡಬೇಕು. ಫ್ಯಾನಿ ಫ್ರೆಂಚ್‌ನಲ್ಲಿ ಮುದ್ದಾದ ಹೆಸರು, ಬ್ರಿಟನ್ನಿನ ಆಡುಮಾತಿನಲ್ಲಿ ಅಶ್ಲೀಲ.

ಗಡಿಭಾಗದ ನಮಗೆ ಇದು ಹೊಸತೇನಲ್ಲ. ತಮಿಳು ಲಿಪಿಯಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ತಾಳವಾಡಿಯ ಗೀತಾಳ ಹೆಸರನ್ನು ತಿಳಿಯದವರು 'ಕೀತಾ' ಎಂದು ಓದಬಹುದು. ಅದೇ ಗೀತಾ ಫ್ರೆಂಚ್ ಊರಿಗೆ ಹೋದರೆ ಕಷ್ಟ ಬೇರೆ. ಇ, ಎ ಸ್ವರಗಳ ಮುಂದೆ ಇಂಗ್ಲಿಷಿನ 'ಜಿ' ಅಕ್ಷರವನ್ನು ಅವರು 'ಝ'ದಂತೆ ಓದುತ್ತಾರೆ. ಗಕಾರ ಉಳಿಯಬೇಕಾದರೆ ನಡುವೆ ಒಂದು 'ಯು' ಸೇರಿಸಬೇಕು. ಹೇಮಾ ಅಲ್ಲಿ 'ಎಮಾ' ಆಗುತ್ತಾಳೆ, ಅದು ಒಳ್ಳೆಯದೇ ಆಯಿತು! ಲತಾ ಹೆಸರಿಗೆ ದಕ್ಷಿಣದ ನಾವು 'ಟಿ' ಪಕ್ಕ 'ಎಚ್' ಹಾಕುತ್ತೇವೆ. ಇಂಗ್ಲಿಷರು ಅದಕ್ಕೆ ತಡವರಿಸುತ್ತಾರೆ. ಫ್ರೆಂಚರು ಆ 'ಎಚ್' ಬಿಟ್ಟು ಸರಿಯಾಗಿ ಲತಾ ಎನ್ನುತ್ತಾರೆ. ಅಲ್ಲಿ ನೆಲೆಸಿದ ನಮ್ಮವರು ಮಾಯಾ, ನೀನಾ, ಅನಿತಾ ಎಂದಿಟ್ಟರೆ ಮೂರು ಭಾಷೆಗೂ ನಡೆಯುತ್ತದೆ.

ಕಾನೂನು ಈಗ ಸಡಿಲ. ಫ್ರಾನ್ಸ್‌ನಲ್ಲಿ 1803ರ ಕಾಯ್ದೆ ಪಂಚಾಂಗದ ಮತ್ತು ಪ್ರಾಚೀನ ಇತಿಹಾಸದ ಹೆಸರುಗಳಿಗೆ ಮಾತ್ರ ಒಪ್ಪುತ್ತಿತ್ತು. 1993ರಲ್ಲಿ ಆ ಕಟ್ಟು ಹೋಯಿತು. ಮಗು ನಗೆಪಾಟಲಿಗೀಡಾಗುವಂಥ ಹೆಸರಾದರೆ ಫ್ರಾನ್ಸ್, ಕ್ವಿಬೆಕ್ ಎರಡರಲ್ಲೂ ವಿಷಯ ನ್ಯಾಯಾಲಯಕ್ಕೆ ಹೋಗಬಹುದು.

ಇನ್ನು ಅಕ್ಷರದ ಮೇಲಿನ ಗೆರೆ. ಝೋಯೆ, ಕ್ಲೋಯೆ ಹೆಸರುಗಳ ಕೊನೆಯ 'ಇ' ಮೇಲೆ ಫ್ರೆಂಚ್‌ನಲ್ಲಿ ಗೆರೆ ಬೇಕೇ ಬೇಕು. ಇಂಗ್ಲಿಷ್ ಅರ್ಜಿಗಳಲ್ಲಿ ಅದು ಮೊದಲು ಬಿದ್ದುಹೋಗುತ್ತದೆ. ಪಾಸ್‌ಪೋರ್ಟಿನ ಕೆಳಗೆ ಯಂತ್ರ ಓದುವ ಸಾಲಿನಲ್ಲಂತೂ ಅದಕ್ಕೆ ಜಾಗವೇ ಇಲ್ಲ. ಜನನ ಪತ್ರದಲ್ಲಿ ಗೆರೆ ಸರಿಯಾಗಿ ಬಂದಿದೆಯೇ ಎಂದು ಆಗಲೇ ನೋಡಿಕೊಳ್ಳಬೇಕು.