ಅಳಿದ ಶಬ್ದ, ಉಳಿದ ಶಬ್ದ

ರಾಜ್ಯೋತ್ಸವದ ಸಂಚಿಕೆಯಲ್ಲಿ ಕನ್ನಡ ಶಬ್ದಗಳ ಉಳಿವಿನ ವಿಚಾರ ಬರುವುದು ವಾಡಿಕೆ. ನಾವು ಇಲ್ಲಿ ಹೇಳಹೊರಟಿರುವುದಾದರೋ ಯೂರೋಪಿನಲ್ಲಿ ಹುಟ್ಟಿ, ಸುಮಾರು ಒಂದು ಶತಮಾನ ಮೆರೆದು, ಕೊನೆಗೆ ಅಳಿದುಹೋದ ಒಂದು ಶಾಸ್ತ್ರೀಯ ಶಬ್ದದ ಕಥೆಯನ್ನು. ಕಥೆಯ ಕೊನೆಯಲ್ಲಿ ನಮ್ಮ ಕನ್ನಡದ ಶಬ್ದವೊಂದೂ ಬರುತ್ತದೆ. ಅಲ್ಲಿಯವರೆಗೆ ವಾಚಕರು ತಾಳ್ಮೆಯಿಂದ ನಮ್ಮೊಡನೆ ಬರಬೇಕು.

ಆ ಶಬ್ದ ‘ಫ್ಲೊಜಿಸ್ಟನ್’. ಸುಡುವುದು ಎಂಬ ಅರ್ಥದ ಗ್ರೀಕ್ ಧಾತುವಿನಿಂದ ಬಂದದ್ದು. ಹೊರೆ ಕಟ್ಟಿಗೆ ಉರಿದರೆ ಉಳಿಯುವುದು ಹಿಡಿ ಬೂದಿ. ಮಿಕ್ಕದ್ದು ಎಲ್ಲಿ ಹೋಯಿತು? ಉರಿಯುವ ಪದಾರ್ಥಗಳಲ್ಲಿ ಒಂದು ಬಗೆಯ ‘ಜಿಡ್ಡಿನ ಮಣ್ಣು’ ಇರುತ್ತದೆ ಎಂದು ಜರ್ಮನಿಯ ಬೆಕರ್ 1669ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಹೇಳಿದನು. ಹಾಲೆ ವಿಶ್ವವಿದ್ಯಾನಿಲಯದಲ್ಲಿ ವೈದ್ಯಶಾಸ್ತ್ರ ಬೋಧಿಸುತ್ತಿದ್ದ ಸ್ಟಾಲ್ 18ನೆಯ ಶತಮಾನದ ಆದಿಯಲ್ಲಿ ಅದನ್ನೇ ಫ್ಲೊಜಿಸ್ಟನ್ ಎಂದು ಕರೆದು, ಸಿದ್ಧಾಂತವಾಗಿ ಬೆಳೆಸಿದನು. ಉರಿಯುವುದೆಂದರೆ ಫ್ಲೊಜಿಸ್ಟನ್ ಹೊರಟುಹೋಗುವುದು ಎಂದೇ ಅದರ ಸಾರ.

ಇಂದು ಇದನ್ನು ಕೇಳಿ ನಗುವುದು ಸುಲಭ. ಆದರೆ ತನ್ನ ಕಾಲದಲ್ಲಿ ಈ ಶಬ್ದ ಬಹಳ ಕೆಲಸ ಮಾಡಿತು. ಲೋಹವನ್ನು ಗಾಳಿಯಲ್ಲಿ ಚೆನ್ನಾಗಿ ಕಾಸಿದರೆ ಭಸ್ಮವಾಗುತ್ತದೆ. ಫ್ಲೊಜಿಸ್ಟನ್ ಕಳೆದುಕೊಂಡಿತು ಎಂದರು. ಆ ಭಸ್ಮವನ್ನು ಇದ್ದಿಲಿನೊಡನೆ ಕಾಸಿದರೆ ಮತ್ತೆ ಲೋಹ; ಇದ್ದಿಲು ತನ್ನ ಫ್ಲೊಜಿಸ್ಟನ್ನನ್ನು ಕೊಟ್ಟಿತು ಎಂದರು. ಒಲೆಯ ಉರಿಗೂ ಕುಲುಮೆಯ ಕೆಲಸಕ್ಕೂ ಒಂದೇ ಕಾರಣ ದೊರೆತಂತಾಯಿತು.

ತೊಡಕು ಬಂದದ್ದು ತಕ್ಕಡಿಯಿಂದ. ಏನನ್ನೋ ಕಳೆದುಕೊಂಡ ಭಸ್ಮ ಲೋಹಕ್ಕಿಂತ ಹಗುರವಾಗಬೇಕಷ್ಟೆ. ತೂಗಿ ನೋಡಿದರೆ ಹೆಚ್ಚೇ ತೂಗುತ್ತದೆ! ಶಬ್ದವನ್ನು ಬಿಡಲೊಲ್ಲದ ಕೆಲವರು ಫ್ಲೊಜಿಸ್ಟನ್ನಿಗೆ ಸೊನ್ನೆಗಿಂತ ಕಡಿಮೆ ತೂಕವಿದೆ ಎಂದು ವಾದಿಸುವವರೆಗೂ ಹೋದರು.

1774ರ ಆಗಸ್ಟ್ 1ರಂದು ಇಂಗ್ಲೆಂಡಿನ ಪ್ರೀಸ್ಟ್ಲಿ ಪಾದರಸದ ಕೆಂಪು ಭಸ್ಮದ ಮೇಲೆ ದೊಡ್ಡ ಮಸೂರದಿಂದ ಬಿಸಿಲನ್ನು ಹಾಯಿಸಿ ಒಂದು ಗಾಳಿಯನ್ನು ಪಡೆದನು. ಅದರಲ್ಲಿ ಮೇಣದ ಬತ್ತಿ ಅತಿ ಪ್ರಕಾಶವಾಗಿ ಉರಿಯಿತು. ಅವನು ಅದಕ್ಕೆ ಕೊಟ್ಟ ಹೆಸರು ‘ಫ್ಲೊಜಿಸ್ಟನ್ ಕಳೆದ ಗಾಳಿ’. ಹೊಸ ವಸ್ತು ಕೈಗೆ ಬಂದಿದ್ದರೂ ಹಳೆಯ ಶಬ್ದ ಅದನ್ನು ಕಾಣಗೊಡಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಪ್ಯಾರಿಸಿನ ಒಂದು ಭೋಜನದಲ್ಲಿ ಅವನು ಈ ಸಂಗತಿಯನ್ನು ಲವಾಸಿಯೇಗೆ ತಿಳಿಸಿದನು. ತಕ್ಕಡಿಯನ್ನೇ ನಂಬಿದ್ದ ಲವಾಸಿಯೇ ತನ್ನ ಪ್ರಯೋಗಗಳನ್ನು ಮುಂದುವರಿಸಿ, ಉರಿಯುವಾಗ ಏನೂ ಹೊರಟುಹೋಗುವುದಿಲ್ಲ, ಗಾಳಿಯ ಒಂದು ಭಾಗವೇ ಬಂದು ಕೂಡುತ್ತದೆ ಎಂದು ತೋರಿಸಿದನು. 1787ರಲ್ಲಿ ಅವನೂ ಮೂವರು ಸಹೋದ್ಯೋಗಿಗಳೂ ಕೂಡಿ ರಸಾಯನಶಾಸ್ತ್ರದ ಪರಿಭಾಷೆಯನ್ನೇ ಹೊಸದಾಗಿ ಕಟ್ಟಿದರು. ಅದರಲ್ಲಿ ಫ್ಲೊಜಿಸ್ಟನ್ನಿಗೆ ಎಡೆಯಿರಲಿಲ್ಲ. 1794ರಲ್ಲಿ ಲವಾಸಿಯೇ ಫ್ರೆಂಚ್ ಕ್ರಾಂತಿಯ ಗಿಲೊಟಿನ್ನಿಗೆ ಬಲಿಯಾದನು. ಅಮೆರಿಕಕ್ಕೆ ವಲಸೆ ಹೋದ ಪ್ರೀಸ್ಟ್ಲಿ 1804ರಲ್ಲಿ ತೀರಿಕೊಳ್ಳುವವರೆಗೂ ಹಳೆಯ ಶಬ್ದವನ್ನು ಬಿಡಲಿಲ್ಲ.

ಇನ್ನು ನಮ್ಮ ಶಬ್ದಕ್ಕೆ ಬರೋಣ. ಎಲ್ಲ ಹುಳಿಗಳಿಗೂ ಈ ಗಾಳಿಯೇ ಮೂಲವೆಂದು ಬಗೆದು ಲವಾಸಿಯೇ ಅದಕ್ಕೆ ‘ಆಕ್ಸಿಜನ್’ ಎಂದು ಹೆಸರಿಟ್ಟನು. ಹುಳಿಯನ್ನು ಹುಟ್ಟಿಸುವುದು ಎಂದರ್ಥ. ಕನ್ನಡದ ‘ಆಮ್ಲಜನಕ’ ಇದರ ನೇರವಾದ ಪಡಿಯಚ್ಚು. ಆದರೆ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕವೇ ಇಲ್ಲ! 1810ರಲ್ಲಿ ಡೇವಿ ಇದನ್ನು ಎತ್ತಿ ತೋರಿಸಿದ ಮೇಲೆ ಹೆಸರಿನ ಅರ್ಥ ತಪ್ಪೆಂದಾಯಿತು. ಹೆಸರು ಮಾತ್ರ ಹೋಗಲಿಲ್ಲ.

2021ರ ಬೇಸಗೆಯನ್ನು ನಾವು ಯಾರೂ ಮರೆತಿಲ್ಲ. ಕೋವಿಡ್ಡಿನ ಎರಡನೆಯ ಅಲೆಯ ಆ ದಿನಗಳಲ್ಲಿ ಕನ್ನಡ ಪತ್ರಿಕೆಗಳ ತುಂಬ ಇದೇ ಶಬ್ದ. ಊರಿನಿಂದ ಫೋನು ಬಂದರೆ ಮೊದಲು ಕೇಳುತ್ತಿದ್ದುದು, ಆಮ್ಲಜನಕ ಸಿಕ್ಕಿತೇ ಎಂದು. ಅದರ ವ್ಯುತ್ಪತ್ತಿ ಸರಿಯೇ ಎಂದು ಆಗ ಯಾರು ಕೇಳಿಯಾರು?

ಅರ್ಥ ನೆಟ್ಟಗಿದ್ದ ಫ್ಲೊಜಿಸ್ಟನ್ ಅಳಿಯಿತು. ಅದು ಹೆಸರಿಸಿದ ವಸ್ತುವೇ ಇರಲಿಲ್ಲ. ಅರ್ಥ ತಪ್ಪಿದ ಆಮ್ಲಜನಕ ಉಳಿಯಿತು. ವಸ್ತು ನಿಜ, ಅದನ್ನು ಆ ಹೆಸರಿನಿಂದ ಕರೆಯುವ ಜನವೂ ಇದ್ದಾರೆ. ಶಬ್ದಕ್ಕೆ ಈ ಎರಡೂ ಬೇಕು. ಪರಸ್ಥಳದಲ್ಲಿ ಬೆಳೆಯುವ ನಮ್ಮ ಮಕ್ಕಳು ಶಾಲೆಯಲ್ಲಿ ಆಕ್ಸಿಜನ್ ಎಂದೇ ಕಲಿಯುತ್ತಾರೆ, ಕಲಿಯಲಿ. ಸಂಜೆ ಮನೆಯಲ್ಲಿ ಪಾಠ ಒಪ್ಪಿಸುವಾಗ ಒಮ್ಮೆ ಆಮ್ಲಜನಕ ಎಂದೂ ಹೇಳಿಸೋಣ, ಜೊತೆಗೆ ಈ ಕಥೆಯನ್ನೂ ಹೇಳೋಣ. ಗಾಳಿ ಎಲ್ಲ ಊರಿನಲ್ಲಿಯೂ ಇದೆ. ಅದನ್ನು ಕನ್ನಡದಲ್ಲಿ ಕರೆಯುವ ನಾಲಗೆ ಮಾತ್ರ ನಮ್ಮ ಮನೆಗಳಲ್ಲಿಯೇ ಬೆಳೆಯಬೇಕು.