ಎಳೆಯುವ ಗಾಡಿಗೆ ಯಾವ ಎಣ್ಣೆ?
ಪೆಟ್ರೋಲ್ ಮತ್ತು ಡೀಸೆಲ್: ಒಂದು ಆಯ್ಕೆಯ ಇತಿಹಾಸ

ಗದಗದಿಂದ ಕೊಪ್ಪಳ, ಹೊಸಪೇಟೆಗಳ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು 12 ಕಿಲೋಮೀಟರ್ ಸಾಗಿದರೆ ಲಕ್ಕುಂಡಿ ಸಿಗುತ್ತದೆ. ಶಾಸನಗಳಲ್ಲಿ ಬರುವ ಲೊಕ್ಕಿಗುಂಡಿ ಇದೇ. ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ, ಕಾಶಿವಿಶ್ವನಾಥ ಮತ್ತು ನನ್ನೇಶ್ವರ ಗುಡಿಗಳು, ಮಾಣಿಕೇಶ್ವರ ಗುಡಿಯ ಪಕ್ಕದ ಮುಸುಕಿನ ಬಾವಿ ಇವೆಲ್ಲ ಇಲ್ಲಿವೆ. ಈ ಊರಿನ ಇತಿಹಾಸವನ್ನು ನಾವು ಸಾಮಾನ್ಯವಾಗಿ ರಾಜರಿಂದ, ದಾನಿಗಳಿಂದ ಅಥವಾ ಶಿಲ್ಪಿಗಳಿಂದ ಆರಂಭಿಸುತ್ತೇವೆ. ಇಲ್ಲಿ ಬೇರೊಂದು ಪ್ರಶ್ನೆಯಿಂದ ಆರಂಭಿಸೋಣ. ಈ ಗುಡಿಗಳ ಕಲ್ಲುಗಳನ್ನು ಎಳೆದು ತಂದವರು ಯಾರು?

ಉತ್ತರ ಸರಳವಾಗಿದೆ. ಮನುಷ್ಯನ ತೋಳು ಮತ್ತು ಪಶುವಿನ ಹೆಗಲು. ಉಗಿಬಂಡಿ ಬರುವವರೆಗೂ ನೆಲದ ಮೇಲೆ ಭಾರ ಎಳೆಯಲು ಈ ನಾಡಿನಲ್ಲಿ ಬೇರೆ ಶಕ್ತಿಯೇ ಇರಲಿಲ್ಲ. ಇಂದು ಅದೇ ದಾರಿಯಲ್ಲಿ ಲಾರಿಗಳು, ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹೋಗುತ್ತವೆ. ಅವುಗಳ ನಡುವೆ ಎಸ್‌ಯುವಿ ಎಂದು ಕರೆಯಲಾಗುವ ಎತ್ತರದ, ದುಬಾರಿ ಕಾರುಗಳೂ ಸಾಗುತ್ತವೆ. ಅಂಥ ಕಾರಿನ ಹಿಂದೆ ಟ್ರೇಲರ್ ಕಟ್ಟಿ ಎಳೆಯಬೇಕಾದರೆ ಪೆಟ್ರೋಲ್ ಎಂಜಿನ್ ಮೇಲೋ, ಡೀಸೆಲ್ ಎಂಜಿನ್ ಮೇಲೋ? ಇದು ಶೋರೂಮಿನಲ್ಲಿ ಮುಗಿಯುವ ಪ್ರಶ್ನೆ ಎಂದು ನಿಮಗೆ ತೋರಬಹುದು. ಆದರೆ ಇದರೊಳಗೆ ಒಂದು ಶತಮಾನಕ್ಕೂ ಮೀರಿದ ಇತಿಹಾಸ ಅಡಗಿದೆ. ರೈತನ ಪಂಪ್‌ಸೆಟ್, ಸರ್ಕಾರದ ಬೆಲೆ ನೀತಿ, ನಾವು ಉಸಿರಾಡುವ ಗಾಳಿ ಮೂರೂ ಇದಕ್ಕೆ ಸೇರಿಕೊಂಡಿವೆ.

ಎರಡು ಬಗೆಯ ಎತ್ತುಗಳು

ಎಂಜಿನ್ ಬರುವ ಮೊದಲೂ ನಮ್ಮ ಜನ ಎಳೆಯುವ ಶಕ್ತಿಯನ್ನು ನೋಡಿಯೇ ಆರಿಸುತ್ತಿದ್ದರು. ಮೈಸೂರು ಸೀಮೆಯ ಅಮೃತಮಹಲ್ ತಳಿಯನ್ನು ಅರಸರ ಸೈನ್ಯಕ್ಕೆಂದೇ ಬೆಳೆಸಲಾಯಿತು. ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ತೋಪುಗಳನ್ನೂ ಸಾಮಗ್ರಿಗಳನ್ನೂ ದೂರದೂರಕ್ಕೆ ವೇಗವಾಗಿ ಸಾಗಿಸಿದ್ದು ಈ ಎತ್ತುಗಳು. ಇವು ಚುರುಕು, ದಣಿವರಿಯದವು. ಕೃಷ್ಣಾ ಕಣಿವೆಯ ಎರೆಭೂಮಿಯ ಅಗತ್ಯ ಬೇರೆಯಾಗಿತ್ತು. ಅಂಟುವ ಕಪ್ಪು ಮಣ್ಣಿನಲ್ಲಿ ಆಳವಾಗಿ ನೇಗಿಲು ಎಳೆಯಲು ಓಟ ಬೇಕಿಲ್ಲ, ಒತ್ತು ಬೇಕು. ಆದ್ದರಿಂದ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಆ ಸೀಮೆಯ ಸಂಸ್ಥಾನಿಕರ ಆಸಕ್ತಿಯಿಂದ ಕೃಷ್ಣಾ ಕಣಿವೆ ತಳಿ ರೂಪುಗೊಂಡಿತು. ದೊಡ್ಡ ಮೈ, ನಿಧಾನದ ನಡಿಗೆ, ಅಪಾರ ಎಳೆತ ಇದರ ಲಕ್ಷಣ. ಇವೆರಡರಲ್ಲಿ ಯಾವ ತಳಿ ಶ್ರೇಷ್ಠ ಎಂದು ಕೇಳಿದರೆ ಅರ್ಥವಿಲ್ಲ. ಯಾವ ಕೆಲಸಕ್ಕೆ ಎಂದು ಕೇಳಬೇಕು.

ಪೆಟ್ರೋಲ್ ಮತ್ತು ಡೀಸೆಲ್ ಎಂಜಿನ್ನುಗಳ ವ್ಯತ್ಯಾಸವೂ ಹೆಚ್ಚುಕಡಿಮೆ ಹೀಗೆಯೇ. ಎಂಜಿನ್ನಿನ ಸಾಮರ್ಥ್ಯವನ್ನು ಎರಡು ರೀತಿಯಲ್ಲಿ ಅಳೆಯುತ್ತಾರೆ. ಒಂದು ಅಶ್ವಶಕ್ತಿ, ಅಂದರೆ ನಿಗದಿತ ಕಾಲದಲ್ಲಿ ಮಾಡುವ ಕೆಲಸದ ಪ್ರಮಾಣ. ಇನ್ನೊಂದು ಟಾರ್ಕ್ ಎಂಬ ತಿರುಚುಬಲ, ಅಂದರೆ ಚಕ್ರವನ್ನು ತಿರುಗಿಸಲು ದೊರೆಯುವ ಒತ್ತು. ನಿಂತ ಭಾರವನ್ನು ಕದಲಿಸುವಾಗ, ಏರು ಹತ್ತಿಸುವಾಗ ನೆರವಾಗುವುದು ಈ ಎರಡನೆಯದು. ಅದೂ ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗಲೇ ದೊರೆತರೆ ಚಾಲಕನಿಗೆ ಅನುಕೂಲ.

ಕಿಡಿಯ ಎಂಜಿನ್, ಒತ್ತಡದ ಎಂಜಿನ್

ಜರ್ಮನಿಯ ನಿಕೋಲಸ್ ಆಟೊ 1876ರಲ್ಲಿ ನಾಲ್ಕು ಹೊಡೆತಗಳ ಎಂಜಿನ್ನನ್ನು ಯಶಸ್ವಿಯಾಗಿ ನಿರ್ಮಿಸಿದ. ಇದೇ ತತ್ವದ ಪೆಟ್ರೋಲ್ ಎಂಜಿನ್ ಕೂರಿಸಿದ ಮೂರು ಚಕ್ರದ ವಾಹನಕ್ಕೆ 1886ರಲ್ಲಿ ಕಾರ್ಲ್ ಬೆಂಜ್ ಹಕ್ಕುಪತ್ರ ಪಡೆದ. ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣಕ್ಕೆ ಸ್ಪಾರ್ಕ್ ಪ್ಲಗ್ಗಿನ ಕಿಡಿ ತಾಗಿಸಿ ಉರಿಸುವುದು ಈ ಎಂಜಿನ್ನಿನ ಕ್ರಮ. ಮಿಶ್ರಣವನ್ನು ತೀರ ಹೆಚ್ಚು ಒತ್ತಿದರೆ ಅದು ಕಿಡಿಗೆ ಮೊದಲೇ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಒತ್ತಡಕ್ಕೆ ಮಿತಿಯುಂಟು.

ರುಡಾಲ್ಫ್ ಡೀಸೆಲ್ ಈ ಮಿತಿಯನ್ನೇ ದಾಟಲು ಹೊರಟ. ಬರಿಯ ಗಾಳಿಯನ್ನು ಅತಿಯಾಗಿ ಒತ್ತಿದರೆ ಅದು ಕಾಯುತ್ತದೆ. ಕಾದ ಗಾಳಿಗೆ ಎಣ್ಣೆಯನ್ನು ಚಿಮ್ಮಿಸಿದರೆ ಕಿಡಿಯಿಲ್ಲದೆಯೇ ಉರಿಯುತ್ತದೆ. ಆತ ಆಗ್ಸ್‌ಬರ್ಗ್ ನಗರದಲ್ಲಿ ನಿರ್ಮಿಸಿದ ಎಂಜಿನ್ 1897ರ ಪರೀಕ್ಷೆಯಲ್ಲಿ ಇಂಧನದ ಶಕ್ತಿಯ ಸುಮಾರು ಶೇಕಡಾ 26ರಷ್ಟನ್ನು ಕೆಲಸವಾಗಿ ಪರಿವರ್ತಿಸಿತು. ಅಂದಿನ ಉಗಿ ಎಂಜಿನ್ನುಗಳಿಗೆ ಇದರ ಅರ್ಧವನ್ನು ತಲುಪುವುದೂ ಕಷ್ಟವಾಗಿತ್ತು. ಇನ್ನೊಂದು ಸಂಗತಿ ಶೇಂಗಾ ಬೆಳೆಯುವ ಗದಗ ಸೀಮೆಯವರಿಗೆ ಸ್ವಾರಸ್ಯಕರವಾದುದು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಒಂದು ಸಣ್ಣ ಡೀಸೆಲ್ ಎಂಜಿನ್ ಓಡಿದ್ದು ಶೇಂಗಾ ಎಣ್ಣೆಯಿಂದ.

ಅಧಿಕ ಒತ್ತಡವನ್ನು ತಾಳಲು ಡೀಸೆಲ್ ಎಂಜಿನ್ ಗಟ್ಟಿಯಾಗಿ, ಭಾರವಾಗಿ ಇರಬೇಕಾಯಿತು. ಅದರ ಸದ್ದೂ ಹೆಚ್ಚು, ಬೆಲೆಯೂ ಹೆಚ್ಚು. ಆದರೆ ಕಡಿಮೆ ವೇಗದಲ್ಲೇ ಬಲವಾಗಿ ಎಳೆಯುವ ಗುಣ, ಕಡಿಮೆ ಎಣ್ಣೆಯಲ್ಲಿ ಹೆಚ್ಚು ಕೆಲಸ ಇವು ಅದರ ಪಾಲಿಗೆ ಬಂದವು. ಅಲ್ಲದೆ ಒಂದು ಲೀಟರ್ ಡೀಸೆಲಿನಲ್ಲಿ ಒಂದು ಲೀಟರ್ ಪೆಟ್ರೋಲಿಗಿಂತ ಶೇಕಡಾ 10ಕ್ಕೂ ಹೆಚ್ಚು ಶಕ್ತಿ ಅಡಕವಾಗಿದೆ. ಹೀಗಾಗಿ ಡೀಸೆಲ್ ಮೊದಲು ಹಡಗು, ಕಾರ್ಖಾನೆಗಳನ್ನು ಸೇರಿ, 1920ರ ದಶಕದಲ್ಲಿ ಲಾರಿಗೆ ಬಂದು, 1936ರಲ್ಲಿ ಮರ್ಸಿಡಿಸ್ ಬೆಂಜ್ 260ಡಿ ಮೂಲಕ ಕಾರನ್ನು ತಲುಪಿತು.

ಜೀಪು, ಲಾರಿ ಮತ್ತು ನೇಗಿಲು

ಇಂದಿನ ಎಸ್‌ಯುವಿಗಳಿಗೆ ಪೂರ್ವಜನೆನ್ನಬಹುದಾದ ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪು ಎಳೆಯುವ ಕೆಲಸಕ್ಕೂ ಬಳಕೆಯಾದ ವಾಹನ. ಅದರ ಹಿಂದೆ ಕಾಲು ಟನ್ನಿನ ಟ್ರೇಲರನ್ನೋ ಸಣ್ಣ ತೋಪನ್ನೋ ಕಟ್ಟುತ್ತಿದ್ದರು. ಆದರೂ ಅದರ ಎಂಜಿನ್ ಪೆಟ್ರೋಲಿನದು. ವಾಹನ ಹಗುರವಾಗಿರಬೇಕಿತ್ತು, ಎಳೆಯಬೇಕಾದ ಭಾರವೂ ಮಿತವಾಗಿತ್ತು. ಎಳೆಯುವುದಕ್ಕೆ ಡೀಸೆಲೇ ಆಗಬೇಕೆಂಬ ನಿಯಮ ಇತಿಹಾಸದಲ್ಲಿಲ್ಲ ಎಂಬುದನ್ನು ಇಲ್ಲಿಯೇ ಗಮನಿಸಬೇಕು.

ಅದೇ ಯುದ್ಧದ ದಿನಗಳಲ್ಲಿ ಪೆಟ್ರೋಲಿಗೆ ಪಡಿತರ ಬಂದು ನಮ್ಮ ನಾಡಿನ ಬಸ್ಸುಗಳು ಇದ್ದಿಲಿನ ಅನಿಲದಿಂದ ಓಡಿದವು. ಸ್ವಾತಂತ್ರ್ಯಾನಂತರ 1954ರಲ್ಲಿ ಟಾಟಾ ಸಂಸ್ಥೆ ಡೈಮ್ಲರ್ ಬೆಂಜ್ ಸಹಯೋಗದೊಂದಿಗೆ ಜಮ್ಶೇಡ್‌ಪುರದಲ್ಲಿ ಡೀಸೆಲ್ ಲಾರಿಗಳ ತಯಾರಿಕೆ ಆರಂಭಿಸಿತು. ಕ್ರಮೇಣ ಭಾರತದ ಲಾರಿಯೆಂದರೆ ಡೀಸೆಲ್ ಲಾರಿ ಎಂದಾಯಿತು. ಗದಗದಲ್ಲಿ 1976ರಲ್ಲಿ ಒಂದೇ ಲಾರಿಯಿಂದ ಸಾಗಣೆ ವ್ಯವಹಾರ ಆರಂಭಿಸಿದ ವಿಜಯ ಸಂಕೇಶ್ವರ ಅವರ ಸಂಸ್ಥೆ ಮುಂದೆ ಸಾವಿರಾರು ವಾಹನಗಳನ್ನು ಹೊಂದಿದ್ದು ಈ ಡೀಸೆಲ್ ಯುಗದ ಸಾಧನೆ.

ಎತ್ತಿನಿಂದ ಎಸ್‌ಯುವಿವರೆಗಿನ ಪಯಣವನ್ನು ಒಂದೇ ಹೆಸರಿನಲ್ಲಿ ಕಾಣಬೇಕಾದರೆ ಕಿರ್ಲೋಸ್ಕರ್ ಮನೆತನವನ್ನು ನೋಡಬೇಕು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಉದ್ಯಮ ಆರಂಭಿಸಿ, ಎತ್ತುಗಳು ಎಳೆಯುವ ಕಬ್ಬಿಣದ ನೇಗಿಲನ್ನು ತಯಾರಿಸಿದರು. 1946ರಲ್ಲಿ ಸ್ಥಾಪನೆಯಾದ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಸಂಸ್ಥೆಯ ಡೀಸೆಲ್ ಎಂಜಿನ್ನುಗಳು ಉತ್ತರ ಕರ್ನಾಟಕದ ಬಾವಿಗಳಿಂದ ನೀರೆತ್ತಿದವು. 1997ರಲ್ಲಿ ಇದೇ ಹೆಸರು ಜಪಾನಿನ ಟೊಯೊಟಾದೊಂದಿಗೆ ಸೇರಿ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಹುಟ್ಟಿತು. ಬೆಂಗಳೂರಿನ ಬಳಿಯ ಬಿಡದಿಯಲ್ಲಿ ಅದರ ಕಾರ್ಖಾನೆ ಎದ್ದಿತು. ಕ್ವಾಲಿಸ್, 2005ರಲ್ಲಿ ಇನ್ನೋವಾ, 2009ರಲ್ಲಿ ಫಾರ್ಚುನರ್ ಅಲ್ಲಿಂದ ಹೊರಬಂದವು. ಫಾರ್ಚುನರ್ ನಮ್ಮ ರಾಜ್ಯದಲ್ಲೇ ತಯಾರಾದ ವೈಭವದ ಎಸ್‌ಯುವಿ. ಮೊದಲಿಗೆ ಅದು ಇಲ್ಲಿ ಡೀಸೆಲ್ ಎಂಜಿನ್ನಿನೊಂದಿಗೆ ಮಾತ್ರ ದೊರೆಯುತ್ತಿತ್ತು.

ಬೆಲೆಯ ಎಳೆತ

ಆ ಕಾಲದಲ್ಲಿ ಎಸ್‌ಯುವಿ ಕೊಂಡವರೆಲ್ಲ ಭಾರ ಎಳೆಯಲೆಂದು ಡೀಸೆಲ್ ಆರಿಸಿದರೆ? ಇಲ್ಲ. ನಮ್ಮಲ್ಲಿ ಟ್ರೇಲರ್ ಎಳೆಯುವ ಕೆಲಸ ಬಹುಮಟ್ಟಿಗೆ ಟ್ರ್ಯಾಕ್ಟರಿನದು. ಯುರೋಪು, ಆಸ್ಟ್ರೇಲಿಯಗಳಲ್ಲಿ ಜನ ಎಸ್‌ಯುವಿಯ ಹಿಂದೆ ದೋಣಿಯನ್ನೋ ಮನೆಗಾಡಿಯನ್ನೋ ಕಟ್ಟಿ ಪ್ರವಾಸ ಹೋಗುವುದುಂಟು. ನಮ್ಮಲ್ಲಿ ಅದು ಅಪರೂಪ. ಹಾಗಿದ್ದರೂ ಡೀಸೆಲ್ ಕಾರುಗಳು ಹೆಚ್ಚಿದ್ದಕ್ಕೆ ಮುಖ್ಯ ಕಾರಣ ಬೆಲೆ.

ರೈತ, ಲಾರಿ, ಬಸ್ಸು ಇವರ ಹೊರೆ ಹಗುರವಾಗಲೆಂದು ಸರ್ಕಾರ ಬಹುಕಾಲ ಡೀಸೆಲನ್ನು ಅಗ್ಗವಾಗಿಟ್ಟಿತ್ತು. 2010ರ ಜೂನ್‌ನಲ್ಲಿ ಪೆಟ್ರೋಲ್ ಬೆಲೆ ನಿಯಂತ್ರಣದಿಂದ ಮುಕ್ತವಾಯಿತು, ಡೀಸೆಲ್ ಆಗಲಿಲ್ಲ. ಅಂತರ ಬೆಳೆಯುತ್ತ ಹೋಗಿ 2012ರ ಮೇ ತಿಂಗಳ ಕೊನೆಯಲ್ಲಿ ದೆಹಲಿಯಲ್ಲಿ ಪೆಟ್ರೋಲ್ ಲೀಟರಿಗೆ ಸುಮಾರು 73 ರೂಪಾಯಿ, ಡೀಸೆಲ್ ಸುಮಾರು 41 ರೂಪಾಯಿ ಇತ್ತು. ಪಂಪ್‌ಸೆಟ್ಟಿಗೆಂದು ಅಗ್ಗ ಮಾಡಿದ ಎಣ್ಣೆ ಲಕ್ಷಾಂತರ ರೂಪಾಯಿಯ ಕಾರುಗಳ ಟ್ಯಾಂಕಿಗೂ ಅದೇ ದರದಲ್ಲಿ ಬಿತ್ತು. ಮುಂಡರಗಿಯ ರೈತನಿಗೂ ಮಹಾನಗರದ ಸಿರಿವಂತನಿಗೂ ಒಂದೇ ರಿಯಾಯಿತಿ. ಕಿರೀಟ್ ಪಾರಿಖ್ ಅಧ್ಯಕ್ಷತೆಯ ತಜ್ಞರ ಸಮಿತಿ 2010ರಲ್ಲೇ ಡೀಸೆಲ್ ಕಾರುಗಳ ಮೇಲೆ 80,000 ರೂಪಾಯಿ ಹೆಚ್ಚುವರಿ ಸುಂಕ ಹಾಕಬೇಕೆಂದು ಸೂಚಿಸಿತ್ತು. ಅದು ಜಾರಿಗೆ ಬರಲಿಲ್ಲ. ಕೊನೆಗೆ 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ಬೆಲೆಯೂ ನಿಯಂತ್ರಣದಿಂದ ಮುಕ್ತವಾಯಿತು.

ಬೆಲೆಯ ಲೆಕ್ಕದ ಹಿಂದೆ ಇನ್ನೊಂದು ಲೆಕ್ಕವೂ ಇತ್ತು. 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಸಾಲಿಗೆ ಸೇರಿಸಿತು. 2015ರ ಡಿಸೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ದೆಹಲಿ ಸುತ್ತಲಿನ ರಾಜಧಾನಿ ಪ್ರದೇಶದಲ್ಲಿ 2000 ಸಿಸಿ ಹಾಗೂ ಹೆಚ್ಚಿನ ಸಾಮರ್ಥ್ಯದ ಡೀಸೆಲ್ ಕಾರುಗಳ ನೋಂದಣಿಯನ್ನು ತಡೆಯಿತು. 2016ರ ಆಗಸ್ಟ್‌ನಲ್ಲಿ ಶೇಕಡಾ 1ರ ಪರಿಸರ ಶುಲ್ಕದೊಂದಿಗೆ ಈ ತಡೆ ತೆರವಾಯಿತು. ಆದರೆ ಅದರ ಬಿಸಿ ಬಿಡದಿಗೂ ತಟ್ಟಿತ್ತು. ಅದೇ 2016ರಲ್ಲಿ ಇನ್ನೋವಾ ಕ್ರಿಸ್ಟಾ ಮತ್ತು ಹೊಸ ಫಾರ್ಚುನರ್ ಎರಡಕ್ಕೂ ಪೆಟ್ರೋಲ್ ಎಂಜಿನ್ನಿನ ಆಯ್ಕೆ ಬಂದಿತು. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಗೆ ಬಂದಾಗ ಡೀಸೆಲ್ ಹೊಗೆಯನ್ನು ಶುಚಿಗೊಳಿಸುವ ಸಾಧನಗಳ ವೆಚ್ಚ ಏರಿತು. ಮಾರುತಿ ಸುಜುಕಿಯಂಥ ದೊಡ್ಡ ಸಂಸ್ಥೆಯೇ ಡೀಸೆಲ್ ಕಾರುಗಳನ್ನು ಕೈಬಿಟ್ಟಿತು.

ಆಯ್ಕೆ ಹೇಗೆ?

ಈಗ ಮೊದಲಿನ ಪ್ರಶ್ನೆಗೆ ಉತ್ತರ ಹುಡುಕೋಣ. 2021ರಲ್ಲಿ ಪರಿಷ್ಕರಿಸಿದ ಫಾರ್ಚುನರನ್ನೇ ತೆಗೆದುಕೊಳ್ಳಿ. ಅದರ 2.7 ಲೀಟರ್ ಪೆಟ್ರೋಲ್ ಎಂಜಿನ್ನಿನ ಗರಿಷ್ಠ ಟಾರ್ಕ್ 245 ನ್ಯೂಟನ್ ಮೀಟರ್, ಅದೂ ನಿಮಿಷಕ್ಕೆ 4000 ಸುತ್ತುಗಳಲ್ಲಿ. ಸ್ವಯಂಚಾಲಿತ ಗೇರಿನ 2.8 ಲೀಟರ್ ಡೀಸೆಲ್ ಎಂಜಿನ್ನಿನದು 500 ನ್ಯೂಟನ್ ಮೀಟರ್, ಅದು 1600 ಸುತ್ತುಗಳಲ್ಲೇ ದೊರೆಯುತ್ತದೆ. ಭಾರವಾದ ಟ್ರೇಲರ್ ಕಟ್ಟಿ ದಿನವಿಡೀ ಹೆದ್ದಾರಿಯಲ್ಲಿ, ಘಟ್ಟಗಳಲ್ಲಿ ಸಾಗಬೇಕಾದವನಿಗೆ ಇವೆರಡರಲ್ಲಿ ಡೀಸೆಲ್ ಮೇಲು ಎಂಬುದರಲ್ಲಿ ಸಂಶಯವಿಲ್ಲ.

ಆದರೆ ಈ ಅಂತರದ ಬಹುಪಾಲು ಬಂದದ್ದು ಟರ್ಬೊ ಎಂಬ ಉಪಕರಣದಿಂದ. ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಈ ಉಪಕರಣ ಆ ಡೀಸೆಲಿನಲ್ಲಿದೆ, ಆ ಪೆಟ್ರೋಲಿನಲ್ಲಿಲ್ಲ. ಇನ್ನೂ ದುಬಾರಿಯಾದ ಲ್ಯಾಂಡ್ ಕ್ರೂಸರ್ 300 ವಾಹನದ ಎರಡೂ ಎಂಜಿನ್ನುಗಳಿಗೆ ಟರ್ಬೊ ಇದೆ. ಅಲ್ಲಿ ಡೀಸೆಲಿನದು 700, ಪೆಟ್ರೋಲಿನದು 650 ನ್ಯೂಟನ್ ಮೀಟರ್. ಎಳೆತದ ಅಂತರ ಬಹುತೇಕ ಮಾಯವಾಗಿದೆ. ಉಳಿದಿರುವುದು ಖರ್ಚಿನ ಅಂತರ. ಭಾರ ಎಳೆಯುವಾಗ ಪೆಟ್ರೋಲ್ ಎಂಜಿನ್ ಹೆಚ್ಚು ಇಂಧನ ಕುಡಿಯುತ್ತದೆ. ಇತ್ತ ಪೇಟೆಯೊಳಗೆ ಸಣ್ಣ ಸಣ್ಣ ದೂರ ಮಾತ್ರ ಓಡುವ ಡೀಸೆಲ್ ಕಾರಿಗೆ ಬೇರೆ ತೊಂದರೆ. ಅದರ ಮಸಿ ಹಿಡಿಯುವ ಜಾಲರಿ ಸಾಕಷ್ಟು ಕಾಯದೆ ಕಟ್ಟಿಕೊಳ್ಳುತ್ತದೆ. ದೂರದ ಓಟವಿಲ್ಲದವನಿಗೆ ಡೀಸೆಲ್ ಉಳಿತಾಯವೂ ಅಲ್ಲ, ನೆಮ್ಮದಿಯೂ ಅಲ್ಲ. ವಿದ್ಯುತ್ ಮೋಟಾರಾದರೋ ಮೊದಲ ಸುತ್ತಿನಿಂದಲೇ ಪೂರ್ಣ ಎಳೆತ ಕೊಡುತ್ತದೆ. ಆದ್ದರಿಂದ ಮುಂದಿನ ದಿನಗಳಲ್ಲಿ ಪ್ರಶ್ನೆಯ ರೂಪವೇ ಬದಲಾಗಬಹುದು.

ವಿದ್ಯಾರ್ಥಿಗಳು ಇಲ್ಲಿ ಮನಗಾಣಬೇಕಾದ ಸಂಗತಿ ಇಷ್ಟು. ಎಂಜಿನ್ನನ್ನು ಆರಿಸಬೇಕಾದದ್ದು ಎಳೆಯುವ ಭಾರ ಮತ್ತು ಕ್ರಮಿಸುವ ದೂರ. ನಮ್ಮಲ್ಲಿ ಅನೇಕ ವರ್ಷ ಅದನ್ನು ಆರಿಸಿದ್ದು ಬೆಲೆ. ಭಾರವಿಲ್ಲದವನು ಭಾರ ಎಳೆಯುವವನ ಎಣ್ಣೆಯನ್ನು ಅಗ್ಗಕ್ಕೆ ಪಡೆದಾಗ ಉಳಿತಾಯ ಅವನದಾಯಿತು, ಹೊಗೆ ಮತ್ತು ಖಜಾನೆಯ ಹೊರೆ ಎಲ್ಲರದಾಯಿತು. ನಾಳೆ ನಿಮ್ಮ ಮನೆಯಲ್ಲಿ ವಾಹನ ಕೊಳ್ಳುವ ಮಾತು ಬಂದಾಗ ಮೈಲೇಜ್ ಎಷ್ಟು ಎಂದು ಕೇಳುವ ಮೊದಲು, ನಾವು ಎಳೆಯಬೇಕಾದ ಭಾರ ಎಷ್ಟು ಎಂದು ಕೇಳಿ. ಎರೆಹೊಲಕ್ಕೆ ಎತ್ತು ಕೊಳ್ಳಲು ಸಂತೆಗೆ ಹೊರಟ ನಿಮ್ಮ ಹಿರಿಯರು ಮೊದಲು ಕೇಳುತ್ತಿದ್ದುದೂ ಇದನ್ನೇ.