ಆವಾಸದಾನ: ಆಗ್ಸ್‌ಬರ್ಗ್ ನಗರದ ಒಂದು ದತ್ತಿಯ ಚರಿತ್ರೆ

ಜೈನ ಗೃಹಸ್ಥನ ಷಟ್ಕರ್ಮಗಳಲ್ಲಿ ದಾನವೂ ಒಂದು. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳ ಹೆಸರು ಪಾಠಶಾಲೆಯ ಮಕ್ಕಳಿಗೂ ಬಾಯಿಪಾಠ. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ವೈಯಾವೃತ್ಯವನ್ನು ವಿವರಿಸುವಾಗ ಕೊಡುವ ಪಟ್ಟಿ ಇದಕ್ಕಿಂತ ತುಸು ಭಿನ್ನವಾದುದು. ಅಲ್ಲಿ ಆಹಾರ, ಔಷಧಗಳ ಜೊತೆಗೆ ಉಪಕರಣವೂ ಆವಾಸವೂ ಸೇರಿವೆ. ಆವಾಸವೆಂದರೆ ಇರಲು ಒಂದು ನೆಲೆ. ಕನ್ನಡಿಗರು ಜಿನಾಲಯವನ್ನು ಕರೆಯುವ ‘ಬಸದಿ’ ಎಂಬ ಮಾತೂ ‘ವಸತಿ’ ಎಂಬುದರ ತದ್ಭವವೇ.

ಆಚಾರ್ಯರ ವಿವಕ್ಷೆಯಲ್ಲಿ ಈ ಆವಾಸವು ಮೊದಲಿಗೆ ಸಂಯಮಿಗಳಿಗೆ ಸಲ್ಲತಕ್ಕದ್ದು. ಜಿನಸೇನಾಚಾರ್ಯರಾದರೋ ಆದಿಪುರಾಣದಲ್ಲಿ ಗೃಹಸ್ಥನ ದತ್ತಿಯನ್ನು ದಯಾದತ್ತಿ, ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿ ಎಂದು ನಾಲ್ಕಾಗಿ ವಿಂಗಡಿಸಿದರು. ಕಷ್ಟದಲ್ಲಿರುವ ಜೀವಿಗಳಿಗೆ ಕರುಣೆಯಿಂದ ಅಭಯವನ್ನು ಕೊಡುವುದು ದಯಾದತ್ತಿ. ಬಾಡಿಗೆ ಕಟ್ಟಲಾರದೆ, ನಾಳೆ ಪಾತ್ರೆಪಡಗಗಳೊಡನೆ ಬೀದಿಯಲ್ಲಿ ನಿಲ್ಲಬೇಕಾದೀತೆಂದು ನಿದ್ದೆಗೆಟ್ಟ ಸಂಸಾರಕ್ಕಿಂತ ಅಭಯದ ಅಗತ್ಯ ಹೆಚ್ಚಾಗಿರುವವರು ಯಾರು? ಹಸಿದವನಿಗೆ ಅನ್ನಸತ್ರಗಳಿವೆ, ಯಾತ್ರಿಕನಿಗೆ ಛತ್ರಗಳಿವೆ. ಮನೆ ಇನ್ನೂ ಇರುವ, ಆದರೆ ಕೈತಪ್ಪುವ ಅಂಚಿನಲ್ಲಿರುವ ಸಂಸಾರವನ್ನು ಇದ್ದಲ್ಲಿಯೇ ನಿಲ್ಲಿಸುವ ದತ್ತಿಗಳು ಮಾತ್ರ ವಿರಳ. ಸಮ್ಯಗ್ದರ್ಶನದ ಅಂಗಗಳಲ್ಲಿ ಸ್ಥಿತಿಕರಣವೆಂಬುದೊಂದುಂಟು. ಧರ್ಮದಿಂದ ಜಾರುತ್ತಿರುವವನನ್ನು ಹಿಡಿದು ನಿಲ್ಲಿಸುವುದು ಅದರ ಅರ್ಥ. ಲೋಕವ್ಯವಹಾರದಲ್ಲಿಯೂ ಅಂಥದೊಂದು ಸ್ಥಿತಿಕರಣಕ್ಕೆ ಎಡೆಯಿದೆ.

ಐನೂರು ವರ್ಷಗಳ ಹಿಂದೆ ಇಂಥ ಕಾರ್ಯವನ್ನು ಒಂದು ಊರಿನಲ್ಲಿ ನೆಲೆಗೊಳಿಸಿದವನು ಜೈನನಲ್ಲ, ಭಾರತೀಯನೂ ಅಲ್ಲ, ಆದರೆ ವರ್ತಕ. ದಕ್ಷಿಣ ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ಅವನು ಕಟ್ಟಿದ ‘ಫುಗ್ಗರೈ’ ಎಂಬ ಕೇರಿ ಇಂದಿಗೂ ಬಡವರ ನೆಲೆಯಾಗಿ ನಡೆಯುತ್ತಿದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದ ಕೊನೆಯಲ್ಲಿ ದಾನದ ಹೆಚ್ಚುಗಾರಿಕೆಯನ್ನು ಅಳೆಯಲು ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕು ಮಾನದಂಡಗಳನ್ನು ಹೇಳಿದೆ. ಆ ನಾಲ್ಕರಿಂದಲೇ ಈ ಪರದೇಶದ ದತ್ತಿಯನ್ನೂ ಅಳೆದು ನೋಡಬಹುದು.

ದತ್ತಿಯ ಹುಟ್ಟು

ಹಾನ್ಸ್ ಫುಗ್ಗರ್ ಎಂಬ ನೇಕಾರನು ೧೩೬೭ರಲ್ಲಿ ಹಳ್ಳಿಯಿಂದ ಆಗ್ಸ್‌ಬರ್ಗಿಗೆ ಬಂದು ನೆಲೆಸಿದನು. ಅವನ ಮೊಮ್ಮಗ ಯಾಕೋಬ್ ಫುಗ್ಗರ್ (೧೪೫೯–೧೫೨೫) ವೆನಿಸ್ಸಿನಲ್ಲಿ ವ್ಯಾಪಾರವನ್ನೂ ಲೆಕ್ಕಪತ್ರದ ವಿದ್ಯೆಯನ್ನೂ ಕಲಿತು, ಬಟ್ಟೆಯ ವ್ಯಾಪಾರದಿಂದ ಬೆಳ್ಳಿ ಮತ್ತು ತಾಮ್ರದ ಗಣಿಗಳಿಗೆ, ಅಲ್ಲಿಂದ ರಾಜರಿಗೂ ಬಿಷಪ್ಪರಿಗೂ ಸಾಲ ಕೊಡುವ ವ್ಯವಹಾರಕ್ಕೆ ಏರಿದನು. ೧೫೧೯ರಲ್ಲಿ ಐದನೆಯ ಚಾರ್ಲ್ಸ್ ಚಕ್ರವರ್ತಿಯಾಗಿ ಆಯ್ಕೆಯಾಗಲು ವೆಚ್ಚವಾದ ಸುಮಾರು ಎಂಟೂವರೆ ಲಕ್ಷ ಗುಲ್ಡನ್ ನಾಣ್ಯಗಳಲ್ಲಿ ಐದು ಲಕ್ಷಕ್ಕೂ ಮಿಕ್ಕ ಹಣವನ್ನು ಒದಗಿಸಿದವನು ಈತನೇ. ‘ಸಿರಿವಂತ ಯಾಕೋಬ್’ ಎಂದೇ ಚರಿತ್ರೆ ಅವನನ್ನು ಕರೆಯುತ್ತದೆ.

ಕೇರಿಯ ಕಟ್ಟಡ ೧೫೧೬ರಲ್ಲಿ ಆರಂಭವಾಯಿತು. ೧೫೨೧ರ ಆಗಸ್ಟ್ ೨೩ರಂದು ಯಾಕೋಬನು ತನ್ನ ಹೆಸರಿನಲ್ಲಿಯೂ ಗತಿಸಿದ್ದ ಅಣ್ಣಂದಿರಾದ ಉಲ್ರಿಚ್ ಮತ್ತು ಗೇಯೋರ್ಗರ ಹೆಸರಿನಲ್ಲಿಯೂ ದತ್ತಿಪತ್ರವನ್ನು ಬರೆಸಿದನು. ೧೫೨೩ರ ವೇಳೆಗೆ ೫೨ ಮನೆಗಳು ಸಿದ್ಧವಾದವು. ಧರ್ಮಕಾರ್ಯದ ಹಣಕ್ಕಾಗಿ ಅವನು ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಊರಿನ ಪೋಷಕ ಸಂತನಾದ ಉಲ್ರಿಚನ ಹೆಸರಿನಲ್ಲಿ ಪ್ರತ್ಯೇಕ ಖಾತೆಯನ್ನೇ ತೆರೆದಿದ್ದನು. ಖಾತೆಪುಸ್ತಕದಲ್ಲಿ ‘ಧರ್ಮಾದಾಯ’ವೆಂಬ ಶೀರ್ಷಿಕೆಯನ್ನು ಬಲ್ಲ ವರ್ತಕ ಮನೆತನಗಳಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪಾತ್ರ

ದತ್ತಿಪತ್ರವು ಗೊತ್ತುಮಾಡಿದ ಪಾತ್ರರು ಯಾರು? ಊರಿನ ಬಡ ಕುಶಲಕರ್ಮಿಗಳು, ದಿನಗೂಲಿಯವರು. ದುಡಿದು ಬಾಳಬಲ್ಲವರು, ಆದರೆ ರೋಗದಿಂದಲೋ ಸಾಲದಿಂದಲೋ ತಮ್ಮದಲ್ಲದ ತಪ್ಪಿಗೆ ಕುಸಿದವರು. ಬಹಿರಂಗವಾಗಿ ಭಿಕ್ಷೆ ಬೇಡುವವರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಮೇಲ್ನೋಟಕ್ಕೆ ಇದು ನಿಷ್ಠುರವೆನಿಸಬಹುದು. ಆದರೆ ಅಂದಿನ ನಗರಗಳಲ್ಲಿ ಭಿಕ್ಷುಕರಿಗೆ ಚರ್ಚಿನ ಬಾಗಿಲಿನಲ್ಲಿ ಏನಾದರೂ ದೊರೆಯುತ್ತಿತ್ತು; ಮಾನಕ್ಕೆ ಅಂಜಿ ಕೈಚಾಚದ ಬಡವನು ಮನೆಯೊಳಗೇ ಕರಗುತ್ತಿದ್ದನು. ಯಾಕೋಬನ ದೃಷ್ಟಿ ಬಿದ್ದದ್ದು ಅವನ ಮೇಲೆ. ಮಗ್ಗವನ್ನೋ ಉಳಿಯನ್ನೋ ಇಟ್ಟುಕೊಂಡು ಆ ಮನೆಯಲ್ಲಿಯೇ ಕಸುಬು ನಡೆಸಿ, ಚೇತರಿಸಿಕೊಂಡ ಮೇಲೆ ಹೊರಟು ಇನ್ನೊಬ್ಬರಿಗೆ ಎಡೆ ಬಿಡಬೇಕೆಂಬುದು ಆಶಯವಾಗಿತ್ತು.

ಇಲ್ಲಿ ಒಬ್ಬ ನಿವಾಸಿಯನ್ನು ನೆನೆಯುವುದು ಉಚಿತ. ೧೬೮೧ರಿಂದ ೧೬೯೪ರವರೆಗೆ ಫ್ರಾನ್ಸ್ ಮೊಟ್ಸಾರ್ಟ್ ಎಂಬ ಬಡ ಗಾರೆ ಕೆಲಸದವನು ಈ ಕೇರಿಯಲ್ಲಿ ವಾಸವಾಗಿದ್ದನು. ಜಗದ್ವಿಖ್ಯಾತ ಸಂಗೀತಗಾರ ಮೊಟ್ಸಾರ್ಟನಿಗೆ ಈತ ಮುತ್ತಜ್ಜ. ನೆಲೆ ತಪ್ಪದ ಒಂದು ಸಂಸಾರದ ನಾಲ್ಕನೆಯ ತಲೆಮಾರಿನಲ್ಲಿ ಏನು ಅರಳೀತೆಂದು ಮನೆ ಕೊಡುವವನು ಲೆಕ್ಕ ಹಾಕಲಾರ. ಕೊಡದಿದ್ದರೆ ಏನು ಬಾಡೀತೆಂಬುದನ್ನೂ ಅರಿಯಲಾರ.

ಆದರೆ ಈ ದತ್ತಿಯ ಪಾತ್ರನಿರ್ಣಯಕ್ಕೆ ಒಂದು ಬೇಲಿಯಿತ್ತು, ಈಗಲೂ ಇದೆ: ಅರ್ಜಿದಾರನು ಆ ಊರಿನವನೂ ಕ್ಯಾಥೊಲಿಕ್ ಮತದವನೂ ಆಗಿರಬೇಕು. ಸ್ವಧರ್ಮೀಯರಿಗೆ ಕೊಡುವುದು ತಪ್ಪಲ್ಲ. ಸಮದತ್ತಿಗೆ ಶಾಸ್ತ್ರದಲ್ಲಿಯೇ ಸ್ಥಾನವಿದೆ. ಆದರೆ ದಯಾದತ್ತಿಗೆ ಮತದ ಗಡಿಯಿಲ್ಲ. ಎರಡನ್ನೂ ಒಂದೇ ಎಂದು ಎಣಿಸಿದಲ್ಲಿ ದಯೆ ಕಿರಿದಾಗುತ್ತದೆ.

ವಿಧಿ

ಕೊಡುವ ರೀತಿಯಲ್ಲಿ ಫುಗ್ಗರೈ ಇಂದಿಗೂ ಪಾಠವಾಗಬಲ್ಲದು. ಅಲ್ಲಿನವು ಎರಡು ಅಂತಸ್ತಿನ ಸಾಲುಮನೆಗಳು. ಕೆಳಗೊಂದು, ಮೇಲೊಂದು ಸಂಸಾರ. ಎರಡಕ್ಕೂ ಬೀದಿಯಿಂದಲೇ ಬೇರೆ ಬೇರೆ ಬಾಗಿಲು. ನೂರಾರು ಜನರನ್ನು ಒಂದೇ ಅಂಗಳಕ್ಕೆ ತುಂಬುವ ಅನಾಥಾಲಯದ ಮಾದರಿಯನ್ನು ಅನುಸರಿಸದೆ, ಬಡವನಿಗೂ ತನ್ನದೇ ಅಡುಗೆಮನೆ, ತನ್ನದೇ ಹೊಸ್ತಿಲು ಬೇಕೆಂದು ಬಗೆದು ಕಟ್ಟಿದ ಕೇರಿಯದು. ಬೀದಿದೀಪಗಳಿಲ್ಲದ ಕಾಲದಲ್ಲಿ ಕತ್ತಲೆಯಲ್ಲಿಯೂ ಕೈಯಿಂದ ಮುಟ್ಟಿ ತಮ್ಮ ಬಾಗಿಲನ್ನು ಗುರುತಿಸಲೆಂದು, ಕರೆಗಂಟೆಯ ಹಿಡಿಗಳನ್ನು ಒಂದೊಂದು ಮನೆಗೆ ಒಂದೊಂದು ಆಕಾರದಲ್ಲಿ ಮಾಡಿಸಿದ್ದರೆಂದು ಹೇಳುವುದುಂಟು.

ಬಾಡಿಗೆ ವರ್ಷಕ್ಕೆ ಒಂದು ರೈನಿಷ್ ಗುಲ್ಡನ್. ಐದು ಶತಮಾನಗಳಲ್ಲಿ ಅದು ಏರಿಲ್ಲ. ಇಂದಿನ ಲೆಕ್ಕದಲ್ಲಿ ೮೮ ಯೂರೋ ಸೆಂಟ್, ಎಂದರೆ ಒಂದು ಯೂರೋಕ್ಕೂ ಕಡಿಮೆ. ಶಾಖ, ವಿದ್ಯುತ್ತುಗಳ ವೆಚ್ಚ ಮಾತ್ರ ಬೇರೆ. ಇಷ್ಟು ಅಲ್ಪವಾದ ಬಾಡಿಗೆಯನ್ನು ತೆಗೆದುಕೊಳ್ಳುವುದೇಕೆ? ಬಾಡಿಗೆ ಕೊಡುವವನು ಒಕ್ಕಲು. ಏನನ್ನೂ ಕೊಡದವನು ಋಣಿ. ಒಂದು ನಾಣ್ಯದಿಂದ ದಾನಿಗೆ ಆಗುವ ಲಾಭ ಶೂನ್ಯ, ಪಡೆಯುವವನಿಗೆ ಉಳಿಯುವ ಮಾನ ಅಪಾರ. ಜೊತೆಗೆ, ದಾನಿಯ ಮನೆತನದ ಶ್ರೇಯಸ್ಸಿಗಾಗಿ ದಿನಕ್ಕೆ ಮೂರು ಪ್ರಾರ್ಥನೆಗಳನ್ನು ಸಲ್ಲಿಸಬೇಕೆಂಬ ಕಟ್ಟಳೆಯೂ ಉಂಟು. ಪ್ರತಿಫಲವನ್ನು ಬಯಸಿ ಮಾಡುವ ದಾನವನ್ನು ಶ್ರಾವಕಾಚಾರ ಮೆಚ್ಚದು. ಆ ಮಟ್ಟಿಗೆ ಇಲ್ಲಿ ವಿಧಿಯು ಮಸುಕಾಗಿದೆ ಎನ್ನದೆ ವಿಧಿಯಿಲ್ಲ.

ದ್ರವ್ಯ

ಮನೆ ಕಟ್ಟುವುದು ಸುಲಭ. ಕಟ್ಟಿದ್ದನ್ನು ಉಳಿಸುವುದು ಕಷ್ಟ. ಮೂವತ್ತು ವರ್ಷಗಳ ಯುದ್ಧದಲ್ಲಿ ಸ್ವೀಡನ್ನಿನ ಸೈನ್ಯವು ಊರನ್ನು ಹಿಡಿದಾಗ, ೧೬೪೨ರ ವೇಳೆಗೆ ಕೇರಿಯ ಬಹುಭಾಗ ಹಾಳಾಯಿತು. ಅದೇ ಶತಮಾನದಲ್ಲಿ ಫುಗ್ಗರರ ವ್ಯಾಪಾರವೇ ಮುಚ್ಚಿಹೋಯಿತು. ಸ್ಪೇನಿನ ರಾಜರಿಗೆ ಕೊಟ್ಟ ಸಾಲಗಳು ಮುಳುಗಿದ್ದು ಅದಕ್ಕೆ ಒಂದು ಮುಖ್ಯ ಕಾರಣ. ಆದರೂ ಕೇರಿ ಮತ್ತೆ ಎದ್ದಿತು. ೧೯೪೪ರ ಫೆಬ್ರವರಿ ೨೫ ಮತ್ತು ೨೬ರ ನಡುರಾತ್ರಿಯ ಬಾಂಬುದಾಳಿಯಲ್ಲಿ ಸುಮಾರು ಮೂರನೆಯ ಎರಡು ಭಾಗ ನೆಲಸಮವಾಯಿತು. ಯುದ್ಧ ಇನ್ನೂ ಮುಗಿದಿರಲಿಲ್ಲ. ಆದರೂ ದತ್ತಿಯ ಹೊಣೆ ಹೊತ್ತ ಮನೆತನದವರು ಮಾರ್ಚ್ ೧ರಂದೇ ಸಭೆ ಸೇರಿ ಪುನರ್ನಿರ್ಮಾಣದ ನಿರ್ಣಯವನ್ನು ಕೈಗೊಂಡರು. ಇಂದು ಅಲ್ಲಿ ೬೭ ಮನೆಗಳಲ್ಲಿ ೧೪೦ರಷ್ಟು ವಾಸಗಳಿದ್ದು, ಸುಮಾರು ೧೫೦ ಜನರು ನೆಲೆಸಿದ್ದಾರೆ. ೨೦೨೧ರಲ್ಲಿ ದತ್ತಿಪತ್ರಕ್ಕೆ ಐನೂರು ವರ್ಷ ತುಂಬಿತು.

ವ್ಯಾಪಾರ ಅಳಿದರೂ ದತ್ತಿ ಉಳಿದುದು ಹೇಗೆ? ದತ್ತಿಯ ಆಸ್ತಿಯು ಬೇರೆಯಾಗಿತ್ತು. ಕಾಲಕ್ರಮದಲ್ಲಿ ಅದು ಭೂಮಿ ಮತ್ತು ಕಾಡುಗಳ ರೂಪಕ್ಕೆ ಬಂದಿತು. ೧೯೨೩ರಲ್ಲಿ ಜರ್ಮನಿಯ ನಾಣ್ಯ ಕುಸಿದು ನಗದು ಠೇವಣಿಗಳೆಲ್ಲ ಬರಿಯ ಕಾಗದವಾದಾಗಲೂ ಮರಗಳು ಬೆಳೆಯುತ್ತಲೇ ಇದ್ದವು. ಇಂದಿಗೂ ಅರಣ್ಯದ ಉತ್ಪತ್ತಿಯೂ ನೋಡಬರುವ ಪ್ರವಾಸಿಗರ ಪ್ರವೇಶಶುಲ್ಕವೂ ಈ ಕೇರಿಯ ಮುಖ್ಯ ಆದಾಯಗಳು.

ಕರ್ನಾಟಕದ ದೇವಸ್ಥಾನಗಳೂ ಬಸದಿಗಳೂ ಈ ಪಾಠವನ್ನು ಬೇರೆ ದಾರಿಯಿಂದ ಕಲಿತಿವೆ. ಇನಾಮು ರದ್ದತಿಯ ಕಾನೂನುಗಳು ಮತ್ತು ೧೯೭೪ರ ಭೂಸುಧಾರಣೆಯಿಂದ ಗೇಣಿ ಭೂಮಿಗಳು ಉಳುವವರ ಪಾಲಾದವು. ಅದು ಉಳುವ ಸಂಸಾರಗಳಿಗೆ ಸಂದ ನ್ಯಾಯವೇ. ಆದರೆ ಬದಲಿಗೆ ಬಂದ ತಸ್ತೀಕಿನ ಹಣ ಬೆಲೆಯೇರಿಕೆಯಲ್ಲಿ ಕರಗಿತು. ಒಂದೇ ಬಗೆಯ ಆಸ್ತಿಯನ್ನು ನಂಬಿದ ದತ್ತಿ ಒಂದೇ ಕಂಬದ ಮೇಲೆ ನಿಂತ ಮಂಟಪದಂತೆ.

ದಾತೃ

ಇನ್ನುಳಿದದ್ದು ಕೊಟ್ಟವನ ಮಾತು, ಅದೇ ಕಠಿಣವಾದುದು. ಪಂಡಿತ ಆಶಾಧರರು ಹದಿಮೂರನೆಯ ಶತಮಾನದಲ್ಲಿ ಸಾಗಾರಧರ್ಮಾಮೃತವನ್ನು ಬರೆದಾಗ, ಗೃಹಸ್ಥಧರ್ಮಕ್ಕೆ ಯೋಗ್ಯನಾದವನ ಗುಣಗಳಲ್ಲಿ ಮೊದಲನೆಯದಾಗಿ ಹೇಳಿದುದು ನ್ಯಾಯದಿಂದ ಧನವನ್ನು ಗಳಿಸುವುದನ್ನು. ಪೂಜೆ, ವ್ರತ, ದಾನಗಳ ಮಾತು ಆ ಬಳಿಕ.

ಯಾಕೋಬನ ಧನ ಎಲ್ಲಿಂದ ಬಂದಿತು? ೧೫೦೫ರ ಮಾರ್ಚಿನಲ್ಲಿ ಲಿಸ್ಬನ್ನಿನಿಂದ ಹೊರಟ ಪೋರ್ಚುಗೀಸ್ ವೈಸರಾಯ್ ಅಲ್ಮೇಡನ ನೌಕಾಪಡೆಯಲ್ಲಿ ಜರ್ಮನ್ ವರ್ತಕರ ಬಂಡವಾಳವಿತ್ತು. ಅದರಲ್ಲಿ ಫುಗ್ಗರರದೂ ಒಂದು ಪಾಲು. ಮೆಣಸನ್ನು ತರುವುದೇ ಉದ್ದೇಶ. ಆ ಪಡೆ ಸೆಪ್ಟೆಂಬರಿನಲ್ಲಿ ಕಾರವಾರದ ಬಳಿಯ ಅಂಜದೀವ ದ್ವೀಪದಲ್ಲಿ ಇಳಿದು ಕೋಟೆ ಕಟ್ಟಲಾರಂಭಿಸಿತು. ಬಳಿಕ ಹೊನ್ನಾವರದ ಮೇಲೆ ಎರಗಿ ಬಂದರಿನಲ್ಲಿದ್ದ ಹಡಗುಗಳನ್ನು ಸುಟ್ಟಿತು. ಹೊನ್ನಾವರದಿಂದ ಶರಾವತಿಯಲ್ಲಿ ಮೇಲಕ್ಕೆ ಸಾಗಿದರೆ ಜೈನ ಅರಸು ಮನೆತನದ ಗೇರುಸೊಪ್ಪೆ. ಮೆಣಸಿನ ರಾಣಿಯೆಂದು ಮುಂದೆ ಹೆಸರಾದ ಚೆನ್ನಭೈರಾದೇವಿ ಆಳಿದ ಸೀಮೆ. ಮೆಣಸಿನ ಬೆಲೆಗೆ ಯುರೋಪಿನಿಂದ ಬರುತ್ತಿದ್ದ ಸರಕುಗಳಲ್ಲಿ ತಾಮ್ರ ಮುಖ್ಯ. ಭಾರತಕ್ಕೆ ಹೊರಟು ೧೫೩೩ರಲ್ಲಿ ಮುಳುಗಿದ ‘ಬೋಮ್ ಜೆಸುಸ್’ ಎಂದು ಗುರುತಿಸಲಾದ ಹಡಗು ೨೦೦೮ರಲ್ಲಿ ನಮೀಬಿಯಾದ ಕರಾವಳಿಯಲ್ಲಿ ಸಿಕ್ಕಿದಾಗ, ಅದರಲ್ಲಿ ಫುಗ್ಗರರ ತ್ರಿಶೂಲಮುದ್ರೆಯ ತಾಮ್ರದ ಗಟ್ಟಿಗಳು ಟನ್ನುಗಟ್ಟಲೆ ದೊರೆತವು.

ಸ್ವದೇಶದಲ್ಲಿಯೂ ಆಕ್ಷೇಪಗಳಿದ್ದವು. ಏಕಸ್ವಾಮ್ಯದಿಂದ ಬೆಲೆ ಏರಿಸುವರೆಂಬ ದೂರು ಸಾಮ್ರಾಜ್ಯದ ಸಭೆಗೆ ಹೋಯಿತು. ಮಾರ್ಟಿನ್ ಲೂಥರನು ೧೫೨೦ರ ತನ್ನ ಕೃತಿಯೊಂದರಲ್ಲಿ ಫುಗ್ಗರರನ್ನು ಹೆಸರಿಸಿಯೇ ಖಂಡಿಸಿದನು. ೧೫೨೫ರಲ್ಲಿ ರೈತರು ದಂಗೆಯೆದ್ದಾಗ ಅವರನ್ನು ಅಡಗಿಸಿದ ಸೈನ್ಯಕ್ಕೂ ಯಾಕೋಬನ ಹಣ ಸಂದಿತು. ಒಂದು ಊರಿನಲ್ಲಿ ಐವತ್ತೆರಡು ಮನೆಗಳನ್ನು ಕಟ್ಟಿದ ಸಂಪತ್ತು, ಬೇರೆಡೆಗಳಲ್ಲಿ ಅನ್ಯರ ಮನೆಗಳು ಹಾಳಾಗುವುದಕ್ಕೂ ನೆರವಾಯಿತು.

ಹಾಗಾದರೆ ಆ ದಾನ ವ್ಯರ್ಥವೇ? ಲೆಕ್ಕವನ್ನು ಬಲ್ಲವನು ಹಾಗೆನ್ನಲಾರ. ಜಮೆಯ ಕಡೆ ಬರೆದದ್ದು ಜಮೆಯೇ. ಖರ್ಚಿನ ಕಡೆ ಬರೆದದ್ದು ಅದರಿಂದ ಅಳಿಸಿಹೋಗುವುದಿಲ್ಲ. ಕರ್ಮಸಿದ್ಧಾಂತವೂ ಹೀಗೆಯೇ ಹೇಳುತ್ತದೆ: ಪುಣ್ಯಬಂಧ ಬೇರೆ, ಪಾಪಬಂಧ ಬೇರೆ, ಎರಡಕ್ಕೂ ಅದರದರ ಉದಯವುಂಟು. ಕೊನೆಯಲ್ಲಿ ಕೊಡುವ ದಾನವು ಗಳಿಕೆಯ ದೋಷವನ್ನು ಮುಚ್ಚುವ ಚಾದರವಲ್ಲ. ಇದನ್ನು ಮರೆತ ವರ್ತಕನು ದಾನಶಾಸನವನ್ನು ಓದುತ್ತಾನೆ, ತನ್ನ ಖಾತೆಯನ್ನು ಓದುವುದಿಲ್ಲ.

ಟ್ರಸ್ಟುಗಳು ಮಾಡಬಹುದಾದದ್ದು

ಫುಗ್ಗರೈಯನ್ನು ಇಲ್ಲಿ ನಕಲು ಮಾಡಬೇಕಾಗಿಲ್ಲ. ಆದರೆ ಹಲವು ಬಸದಿಗಳಿಗೆ ಪೇಟೆಬೀದಿಗಳಲ್ಲಿ ಬಾಡಿಗೆ ಮನೆಗಳಿವೆ. ಅವುಗಳಲ್ಲಿ ಒಂದೆರಡನ್ನಾದರೂ ಆಪತ್ತಿಗೆ ಸಿಕ್ಕಿದ ಸಂಸಾರಗಳಿಗೆ ನಿಯಮಿತ ಅವಧಿಗೆ, ನಾಮಮಾತ್ರ ಬಾಡಿಗೆಗೆ ಮೀಸಲಿಡಬಹುದು. ಮನೆಗಳಿಲ್ಲದ ಟ್ರಸ್ಟು ಒಂದು ಬಾಡಿಗೆ ನಿಧಿಯನ್ನು ಸ್ಥಾಪಿಸಬಹುದು. ದುಡಿಯುವವನು ಕಾಯಿಲೆ ಬಿದ್ದರೆ ಮೂರು ತಿಂಗಳ ಬಾಡಿಗೆಯನ್ನು ಬಡ್ಡಿಯಿಲ್ಲದೆ ಸಾಲ ಕೊಟ್ಟಲ್ಲಿ ಸಂಸಾರವು ಇದ್ದ ಮನೆಯಲ್ಲಿಯೇ ಉಳಿಯುತ್ತದೆ. ಒಮ್ಮೆ ಮನೆ ಬಿಟ್ಟರೆ ಹೊಸ ಮನೆಗೆ ಹಲವು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ತೆರಬೇಕು. ಮಕ್ಕಳ ಶಾಲೆ ತಪ್ಪುತ್ತದೆ, ಹೊಲಿಗೆಯ ಯಂತ್ರದಂಥ ಕಸುಬಿನ ಸಾಧನ ಮಾರಿಹೋಗುತ್ತದೆ, ಪಡಿತರ ಚೀಟಿಯ ವಿಳಾಸವೂ ಸುಳ್ಳಾಗುತ್ತದೆ. ಬಿದ್ದವನನ್ನು ಎತ್ತುವ ವೆಚ್ಚಕ್ಕೆ ಹೋಲಿಸಿದರೆ ಬೀಳದಂತೆ ಹಿಡಿಯುವ ವೆಚ್ಚ ಅಲ್ಪ. ಇದು ದಯೆಯ ಮಾತಷ್ಟೇ ಅಲ್ಲ, ಲೆಕ್ಕದ ಮಾತೂ ಹೌದು.

ಇಂಥ ನೆರವು ಗುಟ್ಟಾಗಿ ನಡೆಯಬೇಕು. ಪಡೆದವರ ಹೆಸರನ್ನು ಬಸದಿಯ ಫಲಕದಲ್ಲಿ ಬರೆಯಬಾರದು, ಸಭೆಯಲ್ಲಿ ಓದಬಾರದು. ನಿಧಿಯನ್ನು ಉತ್ಸವಗಳ ಲೆಕ್ಕದಿಂದ ಬೇರೆಯಾಗಿಡಬೇಕು. ನಿಧಿಗೆ ಹಣವನ್ನು ತರುವವನು ಅದು ಬಂದ ದಾರಿಯನ್ನು ಮೊದಲು ತಾನೇ ಪರೀಕ್ಷಿಸಿಕೊಳ್ಳಬೇಕು. ತನ್ನದೇ ಮಳಿಗೆಯ ನೌಕರನ ಮನೆಬಾಡಿಗೆಗೆ ಸಾಲದಷ್ಟು ಸಂಬಳ ಕೊಡುತ್ತಾ ಆವಾಸದಾನಕ್ಕೆ ಚೀಟಿ ಹರಿಸುವುದರಲ್ಲಿ ಅರ್ಥವಿಲ್ಲ. ಆ ನೌಕರನ ಸಂಬಳವನ್ನು ಸರಿಪಡಿಸುವುದೇ ವರ್ತಕನು ಮಾಡಬಹುದಾದ ಮೊದಲ ಆವಾಸದಾನ.